ಗುದ್ದಿದವನ ತಲೆಗೂ ಲೆಕ್ಕ ಇದೆ

ಭಾಗ 1/10

ಈ ವಾರ ಯಾರ ಸ್ಟೋರಿ ತೆಗೆದ್ರೂ ಅದೇ ರೀಲ್. ಎನ್‌ಎಫ್‌ಎಲ್‌ನ ಹಳೇ "ಬಿಗ್ ಹಿಟ್ಸ್" ಎಲ್ಲ ಸೇರಿಸಿ, ಹಿಂದೆ ಒಂದು ಭರ್ಜರಿ ಬೀಟ್ ಹಾಕಿ ಬಿಟ್ಟಿದ್ದಾರೆ. ಗಾಳಿಯಲ್ಲಿ ಕೈ ಚಾಚಿ ಚೆಂಡು ಹಿಡಿಯೋಕೆ ಹೊರಟವನು ಒಬ್ಬ, ಎಲ್ಲಿಂದಲೋ ನುಗ್ಗಿ ಬರೋ ಸೇಫ್ಟಿ ಇನ್ನೊಬ್ಬ. ಢಮ್! ಚೆಂಡು ಒಂದು ಕಡೆ, ಆಳು ಒಂದು ಕಡೆ. ಮೇಲೆ ಬರೆದಿರೋದು: "ಇದು ಗಂಡಸರ ಆಟ ಆಗಿದ್ದ ಕಾಲ. ಈಗ ಬರೀ ಸಾಫ್ಟ್." ಕೆಳಗೆ ಬೆಂಕಿ ಎಮೋಜಿಗಳ ಸಾಲು.

ಆ "ಬರೀ ಸಾಫ್ಟ್" ಅನ್ನೋ ಮಾತಿನ ಮೇಲೇ ನನ್ನ ಜಗಳ. ಒಂದು ಕ್ಯಾಪ್ಷನ್‌ನಲ್ಲಿ ಮುಗಿಯಲ್ಲ, ಹತ್ತು ಆಗುತ್ತೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಮೊದಲೇ ಒಂದು ವಿಷಯ ಕ್ಲಿಯರ್ ಮಾಡ್ತೀನಿ. ಮೈಗೆ ಮೈ ತಾಗೋ ಆಟನೇ ಬೇಡ, ಎಲ್ಲ ನಿಲ್ಲಿಸಿಬಿಡಿ ಅನ್ನೋ ಗುಂಪು ನಂದಲ್ಲ. ಗಟ್ಟಿಯಾಗಿ ಆಡೋ ಡಿಫೆನ್ಸ್ ನೋಡೋಕೆ ನನಗೂ ಇಷ್ಟ. ಒಂದು ಒಳ್ಳೇ ಟ್ಯಾಕಲ್ ನೋಡಿದ್ರೆ ಕೂತಲ್ಲೇ "ಅಬ್ಬಾ" ಅನ್ಸುತ್ತೆ. ಅದನ್ನ ಯಾರೂ ನಮ್ಮಿಂದ ಕಿತ್ಕೋಬೇಕಿಲ್ಲ.

ನಾನು ಹೇಳೋದು ಇಷ್ಟೇ. ತಲೆಗೆ ತಲೆ ಗುದ್ದೋದು ಡಿಫೆನ್ಸ್ ಅಲ್ಲ. ಅದನ್ನೇ ಡಿಫೆನ್ಸ್ ಅಂತ ನಮಗೆ ಮಾರಿದ್ದಾರೆ. ಮಾರಿದವರು ದುಡ್ಡು ಎಣಿಸಿಕೊಂಡು ಹೋದರು. ಬಿಲ್ ಕಟ್ಟಿದ್ದು ಗುದ್ದಿಸಿಕೊಂಡವನು. ಅವನ ಜೊತೆ ಗುದ್ದಿದವನೂ ಕಟ್ಟಿದ. ನಿಮ್ಮ ರೀಲ್‌ನಲ್ಲಿ ಹೀರೋ ಥರ ಎದ್ದು ಎದೆ ತಟ್ಟಿಕೊಳ್ತಾನಲ್ಲ, ಆ ಸೇಫ್ಟಿ.

ಬಿಕಾಂ ಮೊದಲ ಸೆಮ್‌ನಲ್ಲಿ ಎಲ್ಲರಿಗೂ ಕಲಿಸ್ತಾರೆ: ಪ್ರತಿ ವ್ಯವಹಾರಕ್ಕೂ ಎರಡು ಎಂಟ್ರಿ. ಒಂದೇ ಕಡೆ ಬರೆದು ಎದ್ದು ಹೋದ್ರೆ ಟ್ಯಾಲಿ ಆಗಲ್ಲ. ಈ ರೀಲ್‌ಗಳು ಒಂದೇ ಕಡೆ ಬರೆದ ಲೆಕ್ಕ. ಇನ್ನೊಂದು ಕಡೆ ನಾವು ಬರೆಯೋಣ.

ಭಾಗ 2/10

ಆಟ ಗೊತ್ತಿಲ್ಲದವರಿಗೆ ಎರಡು ನಿಮಿಷ. ಗೊತ್ತಿದ್ದವರು ಮುಂದಿನದಕ್ಕೆ ಹೋಗಬಹುದು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎರಡೂ ಕಡೆ 11 ಜನ. ಚೆಂಡು ಇರೋ ತಂಡಕ್ಕೆ 10 ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೀತಾನೆ, ರಿಸೀವರ್‌ಗಳು ಓಡಿ ಹಿಡೀತಾರೆ. ತಡೆಯೋ ತಂಡದಲ್ಲಿ ಮುಂದೆ ದೈತ್ಯರ ಸಾಲು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಪಕ್ಕಗಳಲ್ಲಿ ಕಾರ್ನರ್‌ಬ್ಯಾಕ್‌ಗಳು. ಎಲ್ಲರಿಗಿಂತ ಹಿಂದೆ ಸಾಮಾನ್ಯವಾಗಿ ಇಬ್ಬರು ಸೇಫ್ಟಿಗಳು. ಫ್ರೀ ಸೇಫ್ಟಿ ದೂರದಲ್ಲಿ ನಿಂತು ಇಡೀ ಮೈದಾನ ಓದ್ತಾನೆ. ಸ್ಟ್ರಾಂಗ್ ಸೇಫ್ಟಿ ಸ್ವಲ್ಪ ಮುಂದೆ ಬಂದು ಚೆಂಡು ಹೊತ್ತು ಓಡೋರನ್ನೂ ತಡೀತಾನೆ. ಇವರನ್ನ ದಾಟಿದ್ರೆ ಮುಂದೆ ಖಾಲಿ ಹುಲ್ಲು, ಆಮೇಲೆ ಟಚ್‌ಡೌನ್. ಹೆಸರೇ ಸೇಫ್ಟಿ, ಅಂದ್ರೆ ತಂಡದ ಕೊನೇ ಭರವಸೆ.

ಹಿಂದೆ ನಿಂತಿರೋದ್ರಿಂದ ಸೇಫ್ಟಿಗೆ ಓಡಿ ಬರೋಕೆ ಜಾಗ ಇರುತ್ತೆ. ಎದುರಿನ ರಿಸೀವರ್‌ಗೆ ಆ ಕ್ಷಣದಲ್ಲಿ ಕಣ್ಣು ಚೆಂಡಿನ ಮೇಲೆ, ಕೈ ಮೇಲೆ, ಪಕ್ಕೆಲುಬು ತೆರೆದಿದೆ. ಚೆಂಡು ಕೈಗೆ ತಾಗಿದ ತಕ್ಷಣ ಜೋರಾಗಿ ಬಡಿದ್ರೆ ಚೆಂಡು ಬಿದ್ದುಹೋಗುತ್ತೆ, ಕ್ಯಾಚ್ ಇಲ್ಲ. ಲಾಭ ಅಲ್ಲಿಗೇ ಮುಗಿಯಲ್ಲ. ಮುಂದಿನ ಸಲ ಅದೇ ರಿಸೀವರ್ ಮೈದಾನದ ಮಧ್ಯಕ್ಕೆ ಬಂದಾಗ ಚೆಂಡು ನೋಡೋ ಮೊದಲು ಸೇಫ್ಟಿ ಎಲ್ಲಿದ್ದಾನೆ ಅಂತ ನೋಡ್ತಾನೆ. ಅರ್ಧ ಸೆಕೆಂಡ್ ಹೋಯ್ತು. ಕೋಚ್‌ಗಳಿಗೆ ಬೇಕಾಗಿರೋದು ಆ ಅರ್ಧ ಸೆಕೆಂಡ್. ಈ ಆಟದಲ್ಲಿ ಭಯಕ್ಕೆ ನಿಜವಾಗಿಯೂ ಬೆಲೆ ಇದೆ. ಅದನ್ನ ಒಪ್ಪಿಕೊಂಡೇ ಮಾತಾಡೋಣ.

ಆದ್ರೆ ಒಂದು ಸಣ್ಣ ವಿಷಯ ಗಮನಿಸಿ. ಕಬಡ್ಡಿಯಲ್ಲಿ ರೈಡರ್‌ನ ನಿಲ್ಲಿಸೋದಕ್ಕೆ ನಾವು ಏನಂತೀವಿ? ಹಿಡಿಯೋದು. "ಏನ್ ಹಿಡಿದ ಗುರು!" ಅಂತೀವಿ. "ಏನ್ ಗುದ್ದಿದ" ಅನ್ನಲ್ಲ. ಟ್ಯಾಕಲ್ ಅಂದ್ರೂ ಅದೇ, ತೋಳಲ್ಲಿ ಸುತ್ತಿ ನೆಲಕ್ಕೆ ತರೋದು. ಆ ಪದದ ಅರ್ಥ ಹಿಡಿತದಿಂದ ಗುದ್ದಿಗೆ ಯಾವಾಗ ಜಾರಿತು, ಜಾರಿಸಿದ್ದು ಯಾರು ಅನ್ನೋದು ಮುಂದಿನ ಕಥೆ.

ಭಾಗ 3/10

ಮೊದಲು ಒಳ್ಳೇ ಹಿಟ್ ಅಂದ್ರೆ ಏನು ಅಂತ ನೋಡೋಣ.

1990ರ ಸೆಪ್ಟೆಂಬರ್ 17, ಸೋಮವಾರ ರಾತ್ರಿಯ ಪಂದ್ಯ. ಡೆನ್ವರ್ ಬ್ರಾಂಕೋಸ್ ವಿರುದ್ಧ ಕಾನ್ಸಾಸ್ ಸಿಟಿ ಚೀಫ್ಸ್. ಚೀಫ್ಸ್ ತಂಡದ ಕ್ರಿಶ್ಚಿಯನ್ ಒಕೋಯೆ ನೈಜೀರಿಯಾದಲ್ಲಿ ಹುಟ್ಟಿದವರು, ಡಿಸ್ಕಸ್ ಎಸೆತದಿಂದ ಫುಟ್‌ಬಾಲ್‌ಗೆ ಬಂದವರು, ತೂಕ ಸುಮಾರು 118 ಕೆಜಿ. ಹಿಂದಿನ ವರ್ಷ ಇಡೀ ಲೀಗ್‌ನಲ್ಲಿ ಚೆಂಡು ಹೊತ್ತು ಅತಿ ಹೆಚ್ಚು ಗಜ ಓಡಿದ್ದು ಅವರೇ. ಎದುರಿಗೆ ಸ್ಟೀವ್ ಅಟ್‌ವಾಟರ್, ಡೆನ್ವರ್‌ನ ಸೇಫ್ಟಿ, ಸುಮಾರು 99 ಕೆಜಿ. ಒಕೋಯೆ ಚೆಂಡು ಹಿಡಿದು ನುಗ್ಗಿದರು. ಅಟ್‌ವಾಟರ್ ಹಿಂದೆ ಸರಿಯಲಿಲ್ಲ. ಭುಜ ಕೊಟ್ಟು ಎದೆಗೆ ಎದೆ ನಿಂತರು. ಓಡುತ್ತಿದ್ದ ಲಾರಿ ನಿಂತ ಹಾಗೆ ಒಕೋಯೆ ನಿಂತು ಹಿಂದಕ್ಕೆ ಬಿದ್ದರು. ಆಮೇಲೆ ಎದ್ದು ಮತ್ತೆ ಆಡಿದರು.

ಇದನ್ನ ಸಾವಿರ ಸಲ ಶೇರ್ ಮಾಡಿ, ನನ್ನ ತಕರಾರಿಲ್ಲ. ಒಕೋಯೆ ಕೈಯಲ್ಲಿ ಚೆಂಡಿತ್ತು. ಎದುರಿಗೆ ಯಾರು ಬರ್ತಿದ್ದಾರೆ ಅಂತ ಅವರಿಗೆ ಕಾಣ್ತಿತ್ತು. ಇಬ್ಬರೂ ತಯಾರಾಗಿದ್ದರು. ಅಟ್‌ವಾಟರ್ 2020ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು.

ಇನ್ನೊಬ್ಬರು ರಾನಿ ಲಾಟ್, ಸ್ಯಾನ್ ಫ್ರಾನ್ಸಿಸ್ಕೋ ತಂಡದವರು. 1985ರ ಸೀಸನ್‌ನಲ್ಲಿ ಟ್ಯಾಕಲ್ ಮಾಡುವಾಗ ಎಡಗೈ ಕಿರುಬೆರಳು ನಜ್ಜುಗುಜ್ಜಾಯಿತು. ಆಮೇಲೆ ಬೆರಳಿನ ತುದಿಯನ್ನೇ ಕತ್ತರಿಸಿದರು. ಲಾಟ್ ಹೆಸರು ಬಂದ್ರೆ ಸಾಕು, ಎಲ್ಲರೂ ಹೇಳೋದು ಆ ಬೆರಳಿನ ಕಥೆ. ಆದ್ರೆ ಅವರು ವೃತ್ತಿಜೀವನದಲ್ಲಿ 63 ಸಲ ಎದುರಾಳಿಯ ಪಾಸ್ ಕದ್ದಿದ್ದಾರೆ. ಬಾಲ್ಟಿಮೋರ್‌ನ ಎಡ್ ರೀಡ್ 64 ಸಲ ಕದ್ದಿದ್ದಾರೆ, ಕದ್ದ ಚೆಂಡು ಹಿಡಿದು 1,590 ಗಜ ಓಡಿದ್ದಾರೆ. ಅದು ಲೀಗ್ ದಾಖಲೆ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಓದಿ, ಚೆಂಡು ಹೊರಡೋ ಮೊದಲೇ ಹೆಜ್ಜೆ ಇಡೋದು ಸೇಫ್ಟಿಯ ಅಸಲಿ ವಿದ್ಯೆ. ಇದರ ಮೇಲೆ ಎಷ್ಟು ರೀಲ್ ನೋಡಿದ್ದೀರಿ? ಕತ್ತರಿಸಿದ ಬೆರಳಿಗೆ ವ್ಯೂಸ್ ಬರುತ್ತೆ, ಓದೋ ಕಣ್ಣಿಗೆ ಬರಲ್ಲ.

ಭಾಗ 4/10

ಈಗ ನಿಮ್ಮ ರೀಲ್‌ನಲ್ಲಿ ಇಲ್ಲದ ಒಂದು ಹಿಟ್.

1978ರ ಆಗಸ್ಟ್ 12, ಓಕ್ಲೆಂಡ್. ಸೀಸನ್ ಶುರುವಾಗೋ ಮೊದಲಿನ ತಯಾರಿ ಪಂದ್ಯ. ಗೆದ್ದರೂ ಸೋತರೂ ಪಾಯಿಂಟ್ಸ್ ಪಟ್ಟಿಗೆ ಲೆಕ್ಕಕ್ಕಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ರಿಸೀವರ್ ಡ್ಯಾರಿಲ್ ಸ್ಟಿಂಗ್ಲಿ ಮೈದಾನದ ಮಧ್ಯಕ್ಕೆ ಓಡಿದರು. ಪಾಸ್ ಕೈಗೆ ಸಿಗದಷ್ಟು ಆಚೆ ಹೋಯಿತು. ಅದಕ್ಕಾಗಿ ಮೈ ಚಾಚಿದ್ದ ಅವರಿಗೆ ಎದುರಿನಿಂದ ಬಂದು ಬಡಿದಿದ್ದು ಓಕ್ಲೆಂಡ್ ರೈಡರ್ಸ್‌ನ ಸೇಫ್ಟಿ ಜ್ಯಾಕ್ ಟೇಟಮ್. ಸ್ಟಿಂಗ್ಲಿ ಕುತ್ತಿಗೆಯ ಮೂಳೆ ಮುರಿಯಿತು. ಆಗ ಅವರಿಗೆ 26 ವರ್ಷ. ಮತ್ತೆ ಯಾವತ್ತೂ ಅವರು ತಮ್ಮ ಕಾಲ ಮೇಲೆ ನಿಲ್ಲಲಿಲ್ಲ.

ಅಂಪೈರ್ ಫ್ಲ್ಯಾಗ್ ಎಸೆಯಲಿಲ್ಲ. ಯಾಕಂದ್ರೆ ಆಗಿನ ನಿಯಮದ ಪ್ರಕಾರ ಅದು ತಪ್ಪೇ ಆಗಿರಲಿಲ್ಲ.

"ರೂಲ್ ಒಳಗೇ ಇತ್ತಲ್ಲ" ಅಂತ ವಾದ ಮಾಡೋರು ಇಲ್ಲಿ ಸ್ವಲ್ಪ ನಿಲ್ಲಿ. ರೂಲ್ ಬರೆಯೋರು ಯಾರು? ಲೀಗ್. ಯಾರ ಕುತ್ತಿಗೆ ಎಷ್ಟು ಬೆಲೆಬಾಳುತ್ತೆ ಅಂತ ನಿರ್ಧಾರ ಮಾಡೋದು ಅದೇ ಲೀಗ್. ರೂಲ್ ಒಳಗಿತ್ತು ಅನ್ನೋದು ಟೇಟಮ್ ಪರವಾಗಿ ಒಂದು ಮಾತು ಆಗಬಹುದು. ಲೀಗ್ ಪರವಾಗಿ ಅದೇ ಮಾತು ಸಾಕ್ಷಿ ಹೇಳಲ್ಲ, ಉಲ್ಟಾ ಹೇಳುತ್ತೆ.

ಟೇಟಮ್‌ಗೆ ಇದ್ದ ಅಡ್ಡಹೆಸರು "ಅಸಾಸಿನ್", ಅಂದ್ರೆ ಕೊಲೆಗಾರ. ಆ ಹೆಸರನ್ನೇ ಇಟ್ಟುಕೊಂಡು "ದೇ ಕಾಲ್ ಮಿ ಅಸಾಸಿನ್" ಅಂತ ಅವರ ಪುಸ್ತಕವೂ ಬಂತು. ಇಬ್ಬರೂ ಕೂತು ಮಾತಾಡಿ ರಾಜಿ ಆಗಲೇ ಇಲ್ಲ. ಸ್ಟಿಂಗ್ಲಿ 2007ರಲ್ಲಿ, 55ನೇ ವಯಸ್ಸಿನಲ್ಲಿ ತೀರಿಕೊಂಡರು. ಟೇಟಮ್ 2010ರಲ್ಲಿ, 61ಕ್ಕೆ. ಒಬ್ಬರು 28 ವರ್ಷ ಗಾಲಿಕುರ್ಚಿಯಲ್ಲಿ ಬದುಕಿದರು. ಇನ್ನೊಬ್ಬರ ಹೆಸರು ಹೇಳಿದಾಗಲೆಲ್ಲ ಆ ಒಂದು ಸಂಜೆ ಅಂಟಿಕೊಂಡೇ ಬಂತು.

ಪಟ್ಟಿಗೆ ಲೆಕ್ಕವಿಲ್ಲದ ಒಂದು ಪಂದ್ಯದಲ್ಲಿ, ಕೈಗೆ ಸಿಗದ ಒಂದು ಚೆಂಡಿಗಾಗಿ ಇಷ್ಟೆಲ್ಲ ಆಯ್ತು. ಆ ಹಿಟ್‌ನಿಂದ ತಡೆದದ್ದು ಏನು, ನೀವೇ ಹೇಳಿ.

ಭಾಗ 5/10

"ಅದು ಹಳೇ ಕಾಲ, ಬಿಡು" ಅಂತೀರಾ? ಸರಿ, ಹತ್ತಿರಕ್ಕೆ ಬರೋಣ. ವ್ಯಾಪಾರದ ಕಡೆಗೆ.

ಬಡಿದಾಟಗಳನ್ನೇ ಒಟ್ಟು ಸೇರಿಸಿ "ಕ್ರಂಚ್ ಕೋರ್ಸ್" ಅನ್ನೋ ವಿಡಿಯೋ ಕ್ಯಾಸೆಟ್ ತಂದಿದ್ದು ಎನ್‌ಎಫ್‌ಎಲ್ ಫಿಲ್ಮ್ಸ್, ಅಂದ್ರೆ ಲೀಗ್‌ನದೇ ಕಂಪನಿ. ಇವತ್ತು ನೀವು ನೋಡೋ ರೀಲ್‌ನ ಅಜ್ಜ ಅದು. ಆಮೇಲೆ 2000ರ ದಶಕದಲ್ಲಿ ಇಎಸ್‌ಪಿಎನ್ ಚಾನೆಲ್‌ನಲ್ಲಿ ಸೋಮವಾರದ ಪಂದ್ಯಕ್ಕೆ ಮುಂಚೆ "ಜ್ಯಾಕ್ಡ್ ಅಪ್" ಅಂತ ಒಂದು ಭಾಗ ಬರ್ತಿತ್ತು. ವಾರದ ಜೋರಾದ ಹಿಟ್‌ಗಳನ್ನ ಒಂದೊಂದಾಗಿ ತೋರಿಸೋದು, ಕೋಟು ಹಾಕಿ ಕೂತ ಮಾಜಿ ಆಟಗಾರರು ಒಟ್ಟಿಗೆ ಕೂಗೋದು. ಮನೆಮನೆಯಲ್ಲಿ ನಗು. ತಲೆಗಾಯದ ಚರ್ಚೆ ಜೋರಾದ ಮೇಲೆ ಆ ಭಾಗ ಸದ್ದಿಲ್ಲದೆ ಮಾಯವಾಯಿತು.

ಈಗ 2010ರ ಅಕ್ಟೋಬರ್ 17ಕ್ಕೆ ಬನ್ನಿ. ಒಂದೇ ಭಾನುವಾರ ಮೂರು ಭೀಕರ ಹಿಟ್. ಪೇಟ್ರಿಯಟ್ಸ್‌ನ ಸೇಫ್ಟಿ ಬ್ರ್ಯಾಂಡನ್ ಮೆರಿವೆದರ್‌ಗೆ 50,000 ಡಾಲರ್ ದಂಡ. ಅಟ್ಲಾಂಟಾದ ಡುಂಟಾ ರಾಬಿನ್ಸನ್‌ಗೂ 50,000. ಪಿಟ್ಸ್‌ಬರ್ಗ್‌ನ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್‌ಗೆ 75,000. ಇನ್ಮುಂದೆ ಇಂಥ ಹಿಟ್‌ಗೆ ಸಸ್ಪೆನ್ಷನ್ ಅಂತ ಲೀಗ್ ಗುಡುಗಿತು.

ಅದೇ ವಾರ ಅದೇ ಲೀಗ್‌ನ ವೆಬ್‌ಸೈಟ್‌ನಲ್ಲಿ ಹ್ಯಾರಿಸನ್‌ನ ಆ ಹಿಟ್‌ನ ಫೋಟೋ ಮಾರಾಟಕ್ಕಿತ್ತು. ಪತ್ರಿಕೆಗಳು ಎತ್ತಿ ತೋರಿಸಿದ ಮೇಲೆ ತೆಗೆದರು.

ಕಾಮರ್ಸ್ ಓದೋರು ಇದನ್ನ ನಿಧಾನಕ್ಕೆ ನೋಡಿ. ಸರಕು ಒಂದೇ. ತಯಾರಿಸಿದವನಿಗೆ ದಂಡ, ಮಾರಿದವನಿಗೆ ಆದಾಯ. ಹಾನಿ ಯಾರ ಪುಸ್ತಕದಲ್ಲೂ ಇಲ್ಲ, ಆಟಗಾರನ ತಲೆಯೊಳಗೆ ಕೂತಿದೆ. ಇಂಥ ಬ್ಯಾಲೆನ್ಸ್ ಶೀಟ್ ಬರೆದು ಕೊಟ್ರೆ ನಮ್ಮ ಮೇಷ್ಟ್ರು ಮುಖಕ್ಕೆ ಎಸೀತಾರೆ. ಅಲ್ಲಿ ಮಾತ್ರ ಅದಕ್ಕೆ ಪ್ರಸಾರದ ಹಕ್ಕು ಸಿಗುತ್ತೆ. 2021ರಲ್ಲಿ ಲೀಗ್ ಮಾಡಿಕೊಂಡ ಹೊಸ ಟಿವಿ ಒಪ್ಪಂದಗಳ ಒಟ್ಟು ಮೊತ್ತ 100 ಬಿಲಿಯನ್ ಡಾಲರ್‌ಗೂ ಹೆಚ್ಚು.

ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಅದು ಇದೇ.

ಭಾಗ 6/10

ಇನ್ನೂ ಒಂದು ಹೆಜ್ಜೆ ಮುಂದೆ ಹೋದ ತಂಡವೂ ಇದೆ. ನ್ಯೂ ಆರ್ಲಿಯನ್ಸ್ ಸೇಂಟ್ಸ್.

2012ರ ಮಾರ್ಚ್‌ನಲ್ಲಿ ಲೀಗ್ ತನ್ನ ತನಿಖೆಯ ವಿವರ ಹೊರಗೆ ಬಿಟ್ಟಿತು. ಅದರ ಪ್ರಕಾರ 2009ರಿಂದ 2011ರ ತನಕ ಆ ತಂಡದ ಡಿಫೆನ್ಸ್‌ನಲ್ಲಿ ಒಂದು ಗುಪ್ತ ಹುಂಡಿ ಇತ್ತು. ಎದುರಾಳಿ ಮತ್ತೆ ಆಡೋಕೆ ಆಗದ ಹಾಗೆ ಬಿದ್ರೆ 1,500 ಡಾಲರ್. ಅವನನ್ನ ಹೊತ್ತುಕೊಂಡು ಹೋಗಬೇಕಾದ್ರೆ 1,000 ಡಾಲರ್. ಪ್ಲೇಆಫ್ ಪಂದ್ಯಗಳಲ್ಲಿ ರೇಟು ಡಬಲ್, ಟ್ರಿಪಲ್.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಪೀಸ್ ರೇಟ್ ಅಂತ ಓದ್ತೀವಲ್ಲ? ಪೀಸಿಗಿಷ್ಟು ಕೂಲಿ ಅಂತ. ಇಲ್ಲಿ ಪೀಸ್ ಅಂದ್ರೆ ಮನುಷ್ಯ.

ಡಿಫೆನ್ಸ್ ಕೋಚ್ ಗ್ರೆಗ್ ವಿಲಿಯಮ್ಸ್‌ಗೆ ಅನಿರ್ದಿಷ್ಟ ಕಾಲದ ಸಸ್ಪೆನ್ಷನ್ ಆಯ್ತು. ಮುಖ್ಯ ಕೋಚ್ ಶಾನ್ ಪೇಟನ್ ಇಡೀ 2012ರ ಸೀಸನ್ ಹೊರಗೆ ಕೂತರು. ತಂಡಕ್ಕೆ 5 ಲಕ್ಷ ಡಾಲರ್ ದಂಡ, ಜೊತೆಗೆ ಎರಡು ವರ್ಷದ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನ ಆಯ್ಕೆ ಹೋಯಿತು. ನಾಲ್ವರು ಆಟಗಾರರಿಗೂ ಸಸ್ಪೆನ್ಷನ್ ಹಾಕಿದ್ದರು. ಮೇಲ್ಮನವಿ ಕೇಳಿದ ಲೀಗ್‌ನ ಮಾಜಿ ಕಮಿಷನರ್ ಪಾಲ್ ಟ್ಯಾಗ್ಲಿಯಾಬು ಡಿಸೆಂಬರ್‌ನಲ್ಲಿ ಆ ಶಿಕ್ಷೆಗಳನ್ನ ರದ್ದು ಮಾಡಿದರು.

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ರೇಟಲ್ಲ. ಲಕ್ಷಾಂತರ ಡಾಲರ್ ದುಡಿಯೋ ಆಟಗಾರನಿಗೆ 1,000 ಡಾಲರ್ ಏನೂ ಅಲ್ಲ. ಅದು ಬೆನ್ನು ತಟ್ಟೋ ಕೈ. "ಶಭಾಷ್, ನೀನು ನಮ್ಮವನು" ಅನ್ನೋ ಮುದ್ರೆ. ಸೇಫ್ಟಿ ಆಗಬೇಕು ಅಂತ ಕನಸು ಕಾಣೋ ಹುಡುಗನಿಗೆ ಹೈಸ್ಕೂಲಿಂದಲೇ ಆ ಮುದ್ರೆ ಸಿಗ್ತಾ ಬಂದಿರುತ್ತೆ. ಜೋರಾಗಿ ಗುದ್ದಿದ ದಿನ ಹೆಲ್ಮೆಟ್ ಮೇಲೆ ಸ್ಟಿಕ್ಕರ್, ಲಾಕರ್ ರೂಮಲ್ಲಿ ಚಪ್ಪಾಳೆ. ಚೆನ್ನಾಗಿ ಹಿಡಿದು ಸುಮ್ಮನೆ ಕೆಳಗೆ ಇಳಿಸಿದ ದಿನ ಯಾರೂ ತಿರುಗಿ ನೋಡಲ್ಲ. ಹತ್ತು ವರ್ಷ ಹಾಗೆ ಬೆಳೆಸಿ, ಆಮೇಲೆ ಒಂದು ಭಾನುವಾರ "ಛೆ ಛೆ, ಹೀಗೆ ಮಾಡಬಾರದು" ಅಂತ ಅವನ ಸಂಬಳ ಹಿಡಿದ್ರೆ ಅದು ನ್ಯಾಯನಾ?

ಮಾಡಿದ್ದುಣ್ಣೋ ಮಾರಾಯ ಅಂತೀವಿ. ಸರಿ. ಮಾಡಿಸಿದವನ ಎಲೆಗೆ ಯಾಕೆ ಏನೂ ಬೀಳಲ್ಲ?

ಭಾಗ 7/10

ಈ ಭಾಗ ಭಾರ ಇದೆ. ಆತ್ಮಹತ್ಯೆಯ ಪ್ರಸ್ತಾಪ ಬರುತ್ತೆ. ಮನಸ್ಸು ಸರಿ ಇಲ್ಲದಿದ್ರೆ 8ಕ್ಕೆ ಹೋಗಿ.

ಆಂಡ್ರೆ ವಾಟರ್ಸ್, ಫಿಲಡೆಲ್ಫಿಯಾ ಈಗಲ್ಸ್‌ನ ಸೇಫ್ಟಿ. ಎಷ್ಟು ಒರಟಾಗಿ ಆಡ್ತಿದ್ದರು ಅಂದ್ರೆ ಅಡ್ಡಹೆಸರೇ "ಡರ್ಟಿ ವಾಟರ್ಸ್". 2006ರ ನವೆಂಬರ್‌ನಲ್ಲಿ, 44ನೇ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡರು. ಅವರ ಮಿದುಳಿನ ಅಂಗಾಂಶ ಪರೀಕ್ಷಿಸಿದ ಡಾ. ಬೆನೆಟ್ ಒಮಾಲು ಹೇಳಿದ್ದು, ಅದು 85 ವರ್ಷದವರ ಮಿದುಳಿನ ಹಾಗಿತ್ತು ಅಂತ.

ಡೇವ್ ಡ್ಯುಯರ್ಸನ್, ಶಿಕಾಗೋ ಬೇರ್ಸ್‌ನ ಸೇಫ್ಟಿ. 1985ರ ಸೀಸನ್‌ನ ಆ ಹೆಸರಾಂತ ಡಿಫೆನ್ಸ್‌ನಲ್ಲಿ ಇದ್ದವರು, ಎರಡು ಸೂಪರ್ ಬೌಲ್ ಗೆದ್ದವರು. ನೋಟ್ರ ಡೇಮ್‌ನಲ್ಲಿ ಎಕನಾಮಿಕ್ಸ್ ಪದವಿ ಪಡೆದವರು. ನಿವೃತ್ತಿಯ ನಂತರ, ಮಾಜಿ ಆಟಗಾರರ ಅಂಗವೈಕಲ್ಯದ ಅರ್ಜಿ ನೋಡೋ ಮಂಡಳಿಯಲ್ಲಿ ಆಟಗಾರರ ಸಂಘದ ಪರವಾಗಿ ಕೂತಿದ್ದರು. ಬೇರೆಯವರ ತಲೆನೋವಿನ ಕಾಗದ ಓದುತ್ತಿದ್ದವರ ತಲೆಯೊಳಗೇ ರೋಗ ಬೆಳೀತಿತ್ತು. 2011ರ ಫೆಬ್ರವರಿಯಲ್ಲಿ, 50ನೇ ವಯಸ್ಸಿಗೆ ಹೋದರು. ತನ್ನ ಮಿದುಳನ್ನ ಸಂಶೋಧನೆಗೆ ಕೊಡಿ ಅಂತ ಬರೆದಿಟ್ಟು ಹೋದರು. ಬೋಸ್ಟನ್ ವಿಶ್ವವಿದ್ಯಾಲಯದ ತಜ್ಞರಿಗೆ ಅದರಲ್ಲಿ ಸಿಟಿಇ ಕಂಡಿತು.

ಸಿಟಿಇ ಅಂದ್ರೆ ತಲೆಗೆ ಮತ್ತೆ ಮತ್ತೆ ಬೀಳೋ ಪೆಟ್ಟಿನಿಂದ ಮಿದುಳು ನಿಧಾನಕ್ಕೆ ಹಾಳಾಗೋ ಕಾಯಿಲೆ. ನೆನಪು, ಕೋಪ, ಮನಸ್ಸಿನ ಸ್ಥಿಮಿತ ಎಲ್ಲದರ ಮೇಲೂ ಹೊಡೆತ. ಹೆಲ್ಮೆಟ್ ತಲೆಬುರುಡೆ ಒಡೆಯದ ಹಾಗೆ ನೋಡ್ಕೊಳ್ಳುತ್ತೆ. ಬುರುಡೆಯೊಳಗೆ ಮಿದುಳು ಅಲುಗೋದನ್ನ ನಿಲ್ಲಿಸೋಕೆ ಆಗಲ್ಲ. ಹತ್ತನೇ ಕ್ಲಾಸ್ ದಾಟಿದ ಎಲ್ಲರಿಗೂ ನ್ಯೂಟನ್‌ನ ಮೂರನೇ ನಿಯಮ ಗೊತ್ತು: ಎದುರಾಳಿಗೆ ಎಷ್ಟು ಬಲ ಕೊಡ್ತೀಯೋ ಅಷ್ಟೇ ನಿನಗೂ ವಾಪಸ್. ತಲೆ ಮುಂದಿಟ್ಟು ಗುದ್ದಿದ ಸೇಫ್ಟಿ ತನ್ನ ತಲೆಗೆ ತಾನೇ ಗುದ್ದಿಕೊಂಡಿದ್ದಾನೆ. ಎದುರಿನವನು ವಾರಕ್ಕೊಬ್ಬ ಬೇರೆ, ಇವನ ತಲೆ ಮಾತ್ರ ಪ್ರತಿ ವಾರ ಅದೇ.

2017ರಲ್ಲಿ ಬಂದ ಅಧ್ಯಯನದಲ್ಲಿ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮಿದುಳು ನೋಡಿದರು. 110ರಲ್ಲಿ ಸಿಟಿಇ. ಇದು ಕುಟುಂಬದವರು ಅನುಮಾನ ಬಂದು ದಾನ ಮಾಡಿದ ಮಿದುಳುಗಳ ಲೆಕ್ಕ. ಎಲ್ಲ ಆಟಗಾರರಿಗೂ ಅಷ್ಟೇ ಪ್ರಮಾಣದಲ್ಲಿ ಇದೆ ಅಂತ ಅಲ್ಲ. ಆದ್ರೂ 110.

(ನಿಮಗೆ ಅಥವಾ ನಿಮ್ಮ ಫ್ರೆಂಡ್‌ಗೆ ಜೀವನ ಸಾಕು ಅನ್ನಿಸ್ತಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ. ಕನ್ನಡದಲ್ಲೂ ಮಾತಾಡ್ತಾರೆ.)

ಭಾಗ 8/10

"ಗೊತ್ತಿದ್ದೇ ಆಡ್ತಾರೆ, ಕೋಟಿ ಕೋಟಿ ತಗೋತಾರೆ, ನಿನಗೇನು ಕಷ್ಟ?" ಈ ಕಾಮೆಂಟ್ ಬಂದೇ ಬರುತ್ತೆ. ಉತ್ತರ ಈಗಲೇ.

ಮೊದಲು "ಗೊತ್ತಿದ್ದೇ" ಅನ್ನೋದು. ವಾಟರ್ಸ್, ಡ್ಯುಯರ್ಸನ್ ಆಡುವಾಗ ಗೊತ್ತಿರಲಿಲ್ಲ. ಲೀಗ್ 1994ರಲ್ಲಿ ತಲೆಗಾಯದ ಸಮಿತಿ ಮಾಡಿತು. ಅದರ ಮುಖ್ಯಸ್ಥ ಮಿದುಳಿನ ತಜ್ಞರಲ್ಲ, ಕೀಲುನೋವಿನ ಡಾಕ್ಟರ್. ಒಮಾಲು 2005ರಲ್ಲಿ ಮೊದಲ ಪ್ರಕರಣದ ಬಗ್ಗೆ ಲೇಖನ ಬರೆದಾಗ ಆ ಸಮಿತಿಯವರು ಅದನ್ನ ವಾಪಸ್ ತಗೊಳ್ಳಿ ಅಂತ ಪತ್ರಿಕೆಗೆ ಬರೆದರು. ದೀರ್ಘಕಾಲದ ಪರಿಣಾಮ ಇರಬಹುದು ಅಂತ ಲೀಗ್‌ನ ವಕ್ತಾರರ ಬಾಯಿಂದ ಬಂದಿದ್ದು 2009ರ ಕೊನೆಗೆ. ಅಟ್ಟ ಮೇಲೆ ಒಲೆ ಉರಿಯಿತು. ಒಪ್ಪಂದಕ್ಕೆ ಎರಡೂ ಕಡೆಯವರಿಗೂ ಪೂರ್ತಿ ವಿಷಯ ಗೊತ್ತಿರಬೇಕು. ಬಿಸಿನೆಸ್ ಲಾ ಪೇಪರ್‌ನಲ್ಲಿ "ಫ್ರೀ ಕನ್ಸೆಂಟ್" ಅಂತ ಬರೆದು ಮಾರ್ಕ್ಸ್ ತಗೊಂಡವರೇ ಇಲ್ಲಿ ಮರೆತ್ರೆ ಹೇಗೆ?

ಆಮೇಲೆ "ಕೋಟಿ ಕೋಟಿ". 2023ರ ಜನವರಿ 2, ಸಿನ್ಸಿನಾಟಿ. ಬಫಲೋ ಬಿಲ್ಸ್‌ನ ಸೇಫ್ಟಿ ಡಮಾರ್ ಹ್ಯಾಮ್ಲಿನ್, 24 ವರ್ಷ, ಒಂದು ಸಾಧಾರಣ ಟ್ಯಾಕಲ್ ಮಾಡಿ ಎದ್ದು ನಿಂತು, ಹಾಗೇ ಹಿಂದಕ್ಕೆ ಕುಸಿದರು. ಹೃದಯ ನಿಂತಿತ್ತು. ಮೈದಾನದಲ್ಲೇ ಸಿಪಿಆರ್ ಮಾಡಿ ಉಳಿಸಿದರು. ಆಗ ಹೊರಬಂದ ವಿಷಯ: ಪಿಂಚಣಿಗೆ ಅರ್ಹರಾಗೋಕೆ ಬೇಕಾದ ಮೂರು ಸೀಸನ್ ಅವರಿಗೆ ಇನ್ನೂ ಆಗಿರಲಿಲ್ಲ, ಗಾಯಾಳುಗಳ ಪಟ್ಟಿಗೆ ಸೇರಿದ್ರೆ ಸಂಬಳ ಕಮ್ಮಿ ಆಗೋ ಷರತ್ತು ಒಪ್ಪಂದದಲ್ಲೇ ಇತ್ತು. ಇಡೀ ದೇಶ ನೋಡ್ತಿತ್ತು, ಹಾಗಾಗಿ ಅವರಿಗೆ ಪೂರ್ತಿ ಸಂಬಳ ಸಿಕ್ಕಿತು. ಅದೃಷ್ಟಕ್ಕೆ ಮತ್ತೆ ಮೈದಾನಕ್ಕೂ ಬಂದರು. ಕ್ಯಾಮೆರಾ ಇಲ್ಲದ ಅಭ್ಯಾಸದ ದಿನ ಮೊಣಕಾಲು ಮುರಿದುಕೊಂಡವನ ಷರತ್ತನ್ನ ಯಾರು ಸಡಿಲ ಮಾಡ್ತಾರೆ?

ಕೊನೆಗೆ ಪರಿಹಾರ. ಮಾಜಿ ಆಟಗಾರರ ಮೊಕದ್ದಮೆಯಲ್ಲಿ 2013ರಲ್ಲಿ 765 ಮಿಲಿಯನ್ ಡಾಲರ್‌ಗೆ ರಾಜಿ ಆಯಿತು, ಆಮೇಲೆ ಆ ಮಿತಿಯನ್ನ ತೆಗೆದರು. ಆದ್ರೆ ಅರ್ಜಿ ಪರೀಕ್ಷೆಯಲ್ಲಿ ಒಂದು ಸೂತ್ರ ಬಳಸ್ತಿದ್ದರು. ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲಿಂದಲೇ ಕಮ್ಮಿ ಇತ್ತು ಅಂತ ಊಹೆ ಮಾಡಿಕೊಂಡು ನಷ್ಟ ಅಳೆಯೋದು. ಲೀಗ್‌ನ ಬಹುಪಾಲು ಆಟಗಾರರು ಕಪ್ಪು ಜನ. ಒಂದೇ ಥರ ಹಾಳಾದ ಎರಡು ಮಿದುಳಿಗೆ ಚರ್ಮ ನೋಡಿ ಎರಡು ಲೆಕ್ಕ. ಈ ಸೂತ್ರ ಕೈಬಿಡ್ತೀವಿ ಅಂತ ಲೀಗ್ ಹೇಳಿದ್ದು 2021ರಲ್ಲಿ. ಯಾವುದೋ ಹಳೇ ಶತಮಾನದ ಕಥೆ ಅಲ್ಲ, ನಾವು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ ವರ್ಷ.

ಭಾಗ 9/10

"ಸರಿ, ಆದ್ರೆ ರೂಲ್ಸ್ ತಂದು ಡಿಫೆನ್ಸ್‌ನ ಸಾಯಿಸಿಬಿಟ್ರಲ್ಲ?"

ಸಾಯಿಸಿಲ್ಲ. ಸಾಕ್ಷಿ ಸಿಯಾಟಲ್ ಸೀಹಾಕ್ಸ್. ರಕ್ಷಣೆ ಇಲ್ಲದ ಸ್ಥಿತಿಯಲ್ಲಿರೋ ರಿಸೀವರ್‌ನ ತಲೆಗೆ ಹೊಡೀಬಾರದು ಅನ್ನೋ ನಿಯಮ ಬಿಗಿಯಾದ ಮೇಲೆಯೇ, 2012ರಿಂದ 2015ರ ತನಕ ನಾಲ್ಕು ವರ್ಷ ಸತತವಾಗಿ ಲೀಗ್‌ನಲ್ಲಿ ಅತಿ ಕಡಿಮೆ ಪಾಯಿಂಟ್ಸ್ ಬಿಟ್ಟುಕೊಟ್ಟ ತಂಡ ಅದು. 2014ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದ ಡೆನ್ವರ್ ಆ ಸೀಸನ್‌ನಲ್ಲಿ 606 ಪಾಯಿಂಟ್ಸ್ ಹೊಡೆದು ಲೀಗ್ ದಾಖಲೆ ಮಾಡಿತ್ತು. ಫಲಿತಾಂಶ 43-8. ಸೇಫ್ಟಿ ಕ್ಯಾಮ್ ಚಾನ್ಸಲರ್ ಅವತ್ತು ಶುರುವಲ್ಲೇ ಒಂದು ಹಿಟ್ ಕೊಟ್ಟರು, ಡೆನ್ವರ್ ರಿಸೀವರ್‌ಗಳು ಮಧ್ಯಕ್ಕೆ ಬರೋಕೆ ಯೋಚನೆ ಮಾಡೋ ಹಾಗೆ. ಅದೇ ವರ್ಷ ಆ ತಂಡ ರಗ್ಬಿಯಿಂದ ಕಲಿತ ಟ್ಯಾಕಲ್ ವಿಧಾನದ ವಿಡಿಯೋ ಹೊರಗೆ ಬಿಟ್ಟಿತು: ತಲೆ ಪಕ್ಕಕ್ಕೆ, ಭುಜ ತೊಡೆಗೆ, ತೋಳು ಸುತ್ತಿ ಉರುಳು. ಹೊಡೆತ ಕಮ್ಮಿ ಆಗಿಲ್ಲ, ತಲೆ ಆಚೆ ಬಂತು ಅಷ್ಟೆ.

ಇಷ್ಟಾದ್ರೂ ಪೂರ್ತಿ ಸುರಕ್ಷಿತ ಅಂತ ನಾನು ಹೇಳಲ್ಲ. ಅದೇ ಚಾನ್ಸಲರ್ 2017ರಲ್ಲಿ ಕುತ್ತಿಗೆ ಗಾಯವಾಗಿ, 29ನೇ ವಯಸ್ಸಿಗೆ ಕೊನೇ ಪಂದ್ಯ ಆಡಿದರು. ಈ ಆಟಕ್ಕೆ ಬೆಲೆ ಇದ್ದೇ ಇದೆ. ಅದಕ್ಕೇ ಕೇಳೋದು, ಅನಗತ್ಯದ ಬೆಲೆ ಯಾಕೆ?

ನಿಯಮಗಳ ಬಗ್ಗೆಯೂ ನನ್ನ ಜಗಳ ಇದೆ, ನಿಮ್ಮದಕ್ಕಿಂತ ಬೇರೆ. ಇಡೀ ಭಾರ ಒಬ್ಬ ಸೇಫ್ಟಿಯ ಮೇಲೆ ಹಾಕಿದ್ದಾರೆ. 2023ರಲ್ಲಿ ಡೆನ್ವರ್‌ನ ಕರೀಂ ಜಾಕ್ಸನ್‌ಗೆ ಒಂದೇ ಸೀಸನ್‌ನಲ್ಲಿ ಎರಡು ಸಲ ಸಸ್ಪೆನ್ಷನ್. ಅವರು ಮಾಡಿದ್ದು ಸರಿ ಅಂತ ಅಲ್ಲ. ಆದ್ರೆ ರಿಸೀವರ್‌ನ ನೇರ ಸೇಫ್ಟಿಯ ದಾರಿಗೆ ಎಸೆದ ಕ್ವಾರ್ಟರ್‌ಬ್ಯಾಕ್‌ಗೆ ದಂಡ ಇಲ್ಲ. ಆ ಆಟ ಕಟ್ಟಿದ ಕೋಚ್‌ಗೆ ಇಲ್ಲ. ಆಟಗಾರರ ಸುರಕ್ಷತೆಯೇ ಮುಖ್ಯ ಅಂತ ಭಾಷಣ ಮಾಡೋ ಲೀಗ್ 2021ರಲ್ಲಿ 16 ಪಂದ್ಯದ ಸೀಸನ್‌ನ 17 ಮಾಡಿತು. ಇನ್ನೊಂದು ವಾರ, ಇನ್ನೊಂದು ಟಿಕೆಟ್, ಅದೇ ತಲೆಗಳಿಗೆ ಇನ್ನಷ್ಟು ಪೆಟ್ಟು.

ಸುರಕ್ಷತೆ ನಿಜವಾಗಿ ಬೇಕಿದ್ರೆ ಮಾಡೋದು ಕಷ್ಟ ಅಲ್ಲ. ಪದೇ ಪದೇ ತಲೆಗೆ ಗುದ್ದೋ ತಂಡದ ಡ್ರಾಫ್ಟ್ ಆಯ್ಕೆ ಕಿತ್ತುಕೊಳ್ಳಿ. ಕೋಚ್‌ಗೂ ಸಂಬಳ ಕಡಿತ ಮಾಡಿ. ಒಂದೇ ಪಂದ್ಯ ಆಡಿದವನಿಗೂ ಮಿದುಳಿನ ಚಿಕಿತ್ಸೆ ಜೀವನಪೂರ್ತಿ ಕೊಡಿ. ಸೇಂಟ್ಸ್ ಪ್ರಕರಣದಲ್ಲಿ ತಂಡವನ್ನ ಶಿಕ್ಷಿಸೋಕೆ ಬರುತ್ತೆ ಅಂತ ಲೀಗ್ ತಾನೇ ತೋರಿಸಿದೆ. ಬರುತ್ತೆ, ಮಾಡಲ್ಲ.

ಭಾಗ 10/10

ಕೊನೇದು ನಿಮಗೆ.

"ನಾವು ಇಲ್ಲಿ ಕೂತು ಒಂದು ರೀಲ್ ಶೇರ್ ಮಾಡಿದ್ರೆ ಅಮೆರಿಕದಲ್ಲಿ ಯಾರ ತಲೆ ಒಡೆಯುತ್ತೆ?" ಅಂತ ಅನ್ನಿಸಬಹುದು. ನೇರವಾಗಿ ಯಾರದ್ದೂ ಇಲ್ಲ. ಆದ್ರೆ ಕ್ರಂಚ್ ಕೋರ್ಸ್ ಕ್ಯಾಸೆಟ್ ಮಾರಾಟ ಆಗ್ತಿದ್ದಿದ್ದು ಕೊಳ್ಳೋರು ಇದ್ದಿದ್ದಕ್ಕೆ. ಈಗ ಕ್ಯಾಸೆಟ್ ಕೊಳ್ಳಬೇಕಿಲ್ಲ, ಮೂರು ಸೆಕೆಂಡ್ ನಿಂತು ನೋಡಿದ್ರೆ ಸಾಕು, ಅದೇ ದುಡ್ಡು. ಯಾವುದಕ್ಕೆ ವ್ಯೂಸ್ ಬರುತ್ತೋ ಅದನ್ನೇ ಇನ್ನಷ್ಟು ತೋರಿಸ್ತಾರೆ. ಎಲ್ಲೋ ಒಬ್ಬ ಹದಿನೈದು ವರ್ಷದ ಹುಡುಗ ಅದನ್ನ ನೋಡಿ, ಸೇಫ್ಟಿ ಅಂದ್ರೆ ಇದೇ ಅಂದ್ಕೊಳ್ತಾನೆ.

ಆ ರೀಲ್‌ಗಳನ್ನ ಇನ್ನೊಂದು ಸಲ ನೋಡಿ. ಡಿಕ್ಕಿ ಆದ ತಕ್ಷಣ ಕಟ್. ಬಿದ್ದವನು ಎದ್ದನಾ ಇಲ್ವಾ ಅಂತ ತೋರಿಸಲ್ಲ. ಗುದ್ದಿದವನು ತನ್ನ ಬೆಂಚ್ ಕಡೆ ಸರಿಯಾಗಿ ನಡೆದು ಹೋದನಾ ಅಂತಲೂ ತೋರಿಸಲ್ಲ. ಆ ನಾಲ್ಕು ಸೆಕೆಂಡ್ ಯಾಕೆ ಕತ್ತರಿಸ್ತಾರೆ? ಅದನ್ನ ಇಟ್ರೆ ಬೆಂಕಿ ಎಮೋಜಿ ಬೀಳಲ್ಲ.

ಹಾಗಾಗಿ ಶೇರ್ ಮಾಡೋ ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಿ.

ಒಂದು, ತಾಗಿದ್ದು ಭುಜಾನಾ, ತಲೆನಾ?
ಎರಡು, ಹೊಡೆಸಿಕೊಂಡವನಿಗೆ ಬರ್ತಿರೋದು ಕಾಣ್ತಿತ್ತಾ?
ಮೂರು, ತೋಳು ಸುತ್ತಿದನಾ, ಅಥವಾ ಬರೀ ಮೈ ಎಸೆದನಾ?

ಮೂರಕ್ಕೂ ಸರಿಯಾದ ಉತ್ತರ ಬಂದ್ರೆ ಹಾಕಿ, ನಾನೂ ಲೈಕ್ ಮಾಡ್ತೀನಿ. ಅಟ್‌ವಾಟರ್ ಪಾಸ್ ಆಗ್ತಾರೆ. ಟೇಟಮ್‌ನ ಆ ಸಂಜೆ ಫೇಲ್ ಆಗುತ್ತೆ. ನೀವು ಶೇರ್ ಮಾಡಿದ ರೀಲ್‌ನಲ್ಲಿ ಹನ್ನೊಂದು ಹಿಟ್ ಎಣಿಸಿದೆ, ಪಾಸ್ ಆಗಿದ್ದು ನಾಲ್ಕು.

"ಸಾಫ್ಟ್" ಅನ್ನೋ ಪದವನ್ನೂ ಇಲ್ಲೇ ಮುಗಿಸೋಣ. ಸುಮಾರು 118 ಕೆಜಿಯ ಒಕೋಯೆ ಓಡಿ ಬರುವಾಗ ತಲೆ ಎತ್ತಿ, ಕಣ್ಣು ತೆರೆದು, ಭುಜ ಕೊಟ್ಟು ನಿಲ್ಲೋಕೆ ಧೈರ್ಯ ಬೇಕು. ಚೆಂಡು ನೋಡ್ತಾ ಮೈ ತೆರೆದು ನಿಂತವನ ತಲೆಗೆ ಹೆಲ್ಮೆಟ್ ಎಸೆಯೋಕೆ ಏನೂ ಬೇಕಿಲ್ಲ. ಮೊದಲನೆಯದನ್ನ ಸಾಫ್ಟ್ ಅಂತ, ಎರಡನೆಯದನ್ನ ಗಂಡಸುತನ ಅಂತ ಕರೆಯೋ ಪೇಜ್‌ಗಳು ಇಬ್ಬರಿಗೂ ಮರ್ಯಾದೆ ಕೊಡ್ತಿಲ್ಲ.

ಒಪ್ಪದವರು ಕಾಮೆಂಟ್‌ಗೆ ಬನ್ನಿ, ವಾದ ಮಾಡೋಣ. ಭುಜ ಕೊಟ್ಟು ಬನ್ನಿ, ತಲೆ ಕೊಟ್ಟು ಬೇಡ.

#ಎನ್‌ಎಫ್‌ಎಲ್ #ಸೇಫ್ಟಿ #ಹಿಡಿತವೇಡಿಫೆನ್ಸ್ #ಕನ್ನಡದಲ್ಲಿಕ್ರೀಡೆ